ಗಿಡದ ಮದ್ದು, ಡಬ್ಬಿಯ ಮದ್ದು: ತುರಿಕೆಯ ಲೆಕ್ಕ

ನಮ್ಮ ಕೆಲಸ ಲೆಕ್ಕ ಬರೆಯುವುದು. ಓದಿದ್ದು ಬಿ.ಕಾಂ., ಇಪ್ಪತ್ತು ವರ್ಷದಿಂದ ನೋಡುತ್ತಿರುವುದು ವೋಚರು, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು. ಔಷಧದ ವಿಷಯ ನಮ್ಮ ಖಾತೆಗೆ ಸೇರಿದ್ದಲ್ಲ. ಆದರೂ ಈ ತಿಂಗಳು ಚರ್ಮದ ತುರಿಕೆಯ ಬಗ್ಗೆ ಬರೆಯುತ್ತಿದ್ದೇವೆ. ಕಾರಣ, ನಮ್ಮ ಪಕ್ಕದ ರೂಮಿನ ಹಾವೇರಿ ಕಡೆಯ ಹುಡುಗ.

ಪೆಟಾಲಿಂಗ್ ಜಯಾದ ಒಂದು ಹೋಟೆಲಿನಲ್ಲಿ ಅವನು ಪಾತ್ರೆ ತೊಳೆಯುವ ಕೆಲಸ ಮಾಡುತ್ತಾನೆ. ಕಳೆದ ವರ್ಷ ಅವನ ಎರಡೂ ಕೈಗಳ ಬೆರಳ ಸಂದಿನಲ್ಲಿ ನವೆ ಶುರುವಾಯಿತು. ಆಮೇಲೆ ಕೆಂಪಾಗಿ, ಒಡೆದು, ನೀರು ಸುರಿಯತೊಡಗಿತು. ಯಾರೋ ಒಬ್ಬರು ಒಂದು ಡಬ್ಬಿ ಮುಲಾಮು ಮಾರಿದರು. ಬೆಲೆ 35 ರಿಂಗಿಟ್. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಬಿಟ್ಟರೆ ಬೇರೇನೂ ಇಲ್ಲ. "ಇದ್ರಾಗ ಕೆಮಿಕಲ್ ಏನೂ ಇಲ್ಲಂತ್ರೀ ಅಣ್ಣಾರ, ಬರೇ ಗಿಡಮೂಲಿಕೆ ಅಂತ" ಎಂದು ನಮಗೂ ತೋರಿಸಿದ. ನಾವೂ ತಲೆಯಾಡಿಸಿದೆವು. ಆ ತಪ್ಪು ನಮ್ಮದೂ ಹೌದು.

ಮೂರೇ ದಿನಕ್ಕೆ ಕೈ ಹೊಸದಾಯಿತು. ಹುಡುಗ ಖುಷಿಯಾದ, ನಾಲ್ಕು ಡಬ್ಬಿ ಮುಗಿಸಿದ. ಮೂರು ತಿಂಗಳ ಮೇಲೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಯಿತು. ಒಂದು ದಿನ ಹಚ್ಚದಿದ್ದರೆ ಮೊದಲಿಗಿಂತ ಎರಡು ಪಟ್ಟು ಉರಿ. ಕೊನೆಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಡಬ್ಬಿ ನೋಡಿದರು, ಕೈ ನೋಡಿದರು. ಇದು ಜೋರಾದ ಸ್ಟೀರಾಯ್ಡ್ ಬಹಳ ದಿನ ಹಚ್ಚಿದ ಚರ್ಮದ ಲಕ್ಷಣ ಎಂದರು.

ನಮ್ಮ ಅಭ್ಯಾಸದಂತೆ ಲೆಕ್ಕ ಹಾಕಿದೆವು. ಮುಲಾಮು 140 ರಿಂಗಿಟ್. ಎರಡು ಸಲ ಕ್ಲಿನಿಕ್, ಔಷಧ ಸೇರಿ 210. ಸಂಬಳವಿಲ್ಲದೆ ಮನೆಯಲ್ಲಿ ಕುಳಿತ 9 ದಿನ, ದಿನಕ್ಕೆ 65ರಂತೆ 585. ಒಟ್ಟು 935 ರಿಂಗಿಟ್. ಊರಿಗೆ ಕಳಿಸಬೇಕಾದ ಒಂದು ತಿಂಗಳ ದುಡ್ಡು ಕೈಯ ತುರಿಕೆಗೆ ಹೋಯಿತು.

ಹಾಗಾದರೆ ಗಿಡಮೂಲಿಕೆ ಎನ್ನುವುದೆಲ್ಲ ಸುಳ್ಳೇ? ಅಜ್ಜಿ ಹಚ್ಚುತ್ತಿದ್ದ ಅರಿಶಿನ, ದೊಡ್ಡಪತ್ರೆ ರಸ ಎಲ್ಲ ಬರೀ ನಂಬಿಕೆಯೇ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಭಾನುವಾರಗಳಲ್ಲಿ ಕುಳಿತು ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ತುರಿಕೆ ಒಂದೇ ಅಲ್ಲ

ಮೊದಲು ತಿಳಿಯಬೇಕಾದದ್ದು ಇದು: ನಾವು "ಅಲರ್ಜಿ" ಅಂತ ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ರೋಗಗಳಿವೆ.

ಒಂದು, ಪಿತ್ತದ ಗಂಧೆ. ಇದ್ದಕ್ಕಿದ್ದಂತೆ ದದ್ದು ಎದ್ದು ಕೆಲವು ಗಂಟೆಯಲ್ಲಿ ಇಳಿಯುತ್ತೆ. ಚರ್ಮದೊಳಗಿನ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುವುದರಿಂದ ಹೀಗಾಗುತ್ತದೆ. ಎರಡು, ಮುಟ್ಟಿದ್ದರಿಂದ ಬರುವ ಇಸುಬು. ಸಿಮೆಂಟು, ಸೋಪು, ರಬ್ಬರು, ನಿಕಲ್ ಇರುವ ಬಕಲ್ಲು ಇವು ತಾಗಿದ ಒಂದೆರಡು ದಿನದ ಮೇಲೆ ಅದೇ ಜಾಗದಲ್ಲಿ ಉರಿಯೂತ ಏಳುತ್ತದೆ. ತಡವಾಗಿ ಬರುವುದರಿಂದಲೇ ಕಾರಣ ಯಾವುದೆಂದು ನಮಗೆ ಗೊತ್ತಾಗುವುದಿಲ್ಲ. ಮೂರು, ಚಿಕ್ಕಂದಿನಿಂದ ಮೊಣಕೈ ಮಡಿಕೆ, ಮೊಣಕಾಲ ಹಿಂದೆ ಬಂದು ಹೋಗುವ ಇಸುಬು. ಇದು ಆಸ್ತಮಾ, ಸೀನು ಇರುವ ಮನೆತನಗಳಲ್ಲಿ ಹೆಚ್ಚು. ನಾಲ್ಕು, ಅಲರ್ಜಿಯೇ ಅಲ್ಲದ ಗಜಕರ್ಣ, ಅಂದರೆ ಹುಳುಕಡ್ಡಿ. ಇದು ಶಿಲೀಂಧ್ರದಿಂದ ಬರುವುದು. ಬೆವರು, ಒದ್ದೆ ಬಟ್ಟೆ, ಒಂದೇ ಟವೆಲ್ಲು ನಾಲ್ಕು ಜನ ಬಳಸುವ ರೂಮು ಇದ್ದರೆ ಸಾಕು.

ಈ ನಾಲ್ಕನೆಯದನ್ನು ಇಸುಬು ಎಂದುಕೊಂಡು ಸ್ಟೀರಾಯ್ಡ್ ಹಚ್ಚಿದರೆ ಕೆಲ ದಿನ ಕೆಂಪು ಇಳಿದು, ಒಳಗೊಳಗೇ ಹರಡಿ, ಆಮೇಲೆ ತೊಡೆ ಸೊಂಟ ಎಲ್ಲ ಆವರಿಸುತ್ತದೆ. ಇಲ್ಲಿನ ಮಲಯ್ ಜನ ಹುಳುಕಡ್ಡಿಗೆ ಗೆಲೆಂಗಾಂಗ್ ಎಲೆ ಉಜ್ಜುತ್ತಾರೆ. ನಮ್ಮ ಕಡೆ ಅದಕ್ಕೆ ಸೀಮೆ ಅಗಸೆ ಎನ್ನುತ್ತಾರೆ. ಅದು ಶಿಲೀಂಧ್ರಕ್ಕೆ ಹೇಳಿದ ಎಲೆ, ಅಲರ್ಜಿಗಲ್ಲ. ರೋಗ ಯಾವುದೆಂದು ತಿಳಿಯದೆ ಮದ್ದು ಹಚ್ಚುವುದು ಅಂದರೆ ಯಾವ ಖಾತೆ ಎಂದು ನೋಡದೆ ದುಡ್ಡು ಹಾಕಿದ ಹಾಗೆ.

ಎರಡು ದೇಶ, ಅವೇ ಗಿಡಗಳು

ಓಲ್ಡ್ ಟೌನಿನ ಮಾರ್ಕೆಟ್ಟಿಗೆ ಹೋದಾಗ ತರಕಾರಿ ಬುಟ್ಟಿಗಳನ್ನು ಒಮ್ಮೆ ಗಮನಿಸಿ. ಪೆಗಾಗ ಎಂದು ಕಟ್ಟು ಕಟ್ಟಿ ಮಾರುವುದು ನಮ್ಮ ಒಂದೆಲಗವೇ. ತುಳುವರು ತಿಮರೆ ಎನ್ನುತ್ತಾರೆ, ತಮಿಳರು ವಲ್ಲಾರೈ ಎನ್ನುತ್ತಾರೆ. ನಾವು ತಂಬುಳಿ ಮಾಡುತ್ತೇವೆ, ಇವರು ಅನ್ನದ ಜೊತೆ ಹಸಿಯಾಗಿ ಉಲಾಂ ಎಂದು ತಿನ್ನುತ್ತಾರೆ. ಇದರಲ್ಲಿರುವ ಏಷಿಯಾಟಿಕೊಸೈಡ್, ಮಡೆಕಾಸೊಸೈಡ್ ಎಂಬ ವಸ್ತುಗಳು ಗಾಯದ ಜಾಗದಲ್ಲಿ ಕೊಲಾಜೆನ್ ಕಟ್ಟಲು ನೆರವಾಗುತ್ತವೆ, ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಉರಿಯೂತವನ್ನೂ ಇಳಿಸಿವೆ. ಗಾಯಕ್ಕೆ ಹಚ್ಚುವ ಮುಲಾಮುಗಳಲ್ಲಿ ಇವನ್ನು ದಶಕಗಳಿಂದ ಬಳಸುತ್ತಿದ್ದಾರೆ. ಆದರೆ ಇದೇ ಒಂದೆಲಗದ ಕ್ರೀಮು ಹಚ್ಚಿ ಇಸುಬು ಬಂದವರೂ ಇದ್ದಾರೆ. ಎರಡೂ ನಿಜ.

ಅರಿಶಿನಕ್ಕೆ ಇಲ್ಲಿ ಕುನಿತ್ ಎಂದು ಹೆಸರು. ಅದರ ಹಳದಿ ಬಣ್ಣವೇ ಕರ್ಕ್ಯುಮಿನ್. ಅರಿಶಿನದಿಂದ ಗಾಯ ವಾಸಿಮಾಡುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ವಾದಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಎಲ್ಲರಿಗೂ ಹೆಮ್ಮೆ ಆಗಿತ್ತು. ಆದರೆ ಆ ಗೆಲುವು "ಇದು ಹೊಸದಲ್ಲ, ಹಳೆಯದು" ಎಂಬುದಕ್ಕೆ ಸಿಕ್ಕಿದ್ದು. "ಇದರಿಂದ ಗುಣವಾಗುತ್ತದೆ" ಎಂಬುದು ಬೇರೆಯೇ ಲೆಕ್ಕ. ಗಾಜಿನ ತಟ್ಟೆಯಲ್ಲಿಟ್ಟ ಕೋಶಗಳ ಮೇಲೆ ಕರ್ಕ್ಯುಮಿನ್ ಉರಿಯೂತದ ಸಂಕೇತಗಳನ್ನು ತಡೆಯುತ್ತದೆ. ಮನುಷ್ಯರ ಮೈಯಲ್ಲಿ ಅಷ್ಟು ಸಲೀಸಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ, ಬೆಳಕಿಗೆ ಕೆಡುತ್ತದೆ, ಹೊಟ್ಟೆಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 2017ರಲ್ಲಿ ಅಮೆರಿಕದ ಕೆಲವು ರಸಾಯನ ವಿಜ್ಞಾನಿಗಳು ಅದುವರೆಗಿನ ಪರೀಕ್ಷೆಗಳನ್ನೆಲ್ಲ ತಿರುವಿಹಾಕಿ, ಪ್ರಯೋಗಾಲಯದಲ್ಲಿ ಕಂಡ ಭರವಸೆ ಮನುಷ್ಯರ ಮೇಲಿನ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಫಲ ಕೊಟ್ಟಿಲ್ಲ ಎಂದು ಬರೆದರು.

ದೊಡ್ಡಪತ್ರೆಯನ್ನು ನಮ್ಮ ತಾಯಿ ಪಿತ್ತದ ಗಂಧೆಗೆ ಉಜ್ಜುತ್ತಿದ್ದರು. ಇಲ್ಲಿ ಅದನ್ನು ಬಾಂಗುನ್-ಬಾಂಗುನ್ ಎನ್ನುತ್ತಾರೆ. ಓಮದ ಹಾಗೆ ಬರುವ ಅದರ ವಾಸನೆಗೆ ಕಾರ್ವಕ್ರಾಲ್, ಥೈಮಾಲ್ ಕಾರಣ. ರಸ ತಂಪೆನಿಸುತ್ತದೆ. ಗಂಧೆ ಹೇಗೂ ಕೆಲ ಗಂಟೆಯಲ್ಲಿ ಇಳಿಯುವಂಥದ್ದು, ಆದ್ದರಿಂದ ಎಲೆಯಿಂದ ಇಳಿಯಿತೋ ತಾನಾಗಿ ಇಳಿಯಿತೋ ಹೇಳುವುದು ಕಷ್ಟ. ಒಡೆದ ಚರ್ಮಕ್ಕೆ ಮಾತ್ರ ಉಜ್ಜಬಾರದು, ಉರಿ ಹೆಚ್ಚುತ್ತದೆ.

ಕರಾವಳಿಯವರು ಪಿತ್ತಕ್ಕೆ ಕುಡಿಯುವ ಪುನರ್ಪುಳಿ, ಅಂದರೆ ಮುರುಗಲು, ಮತ್ತು ಇಲ್ಲಿನ ರಸ್ತೆಬದಿಯ ಮಾಂಗಿಸ್, ಅಂದರೆ ಮ್ಯಾಂಗೊಸ್ಟೀನ್, ಎರಡೂ ಒಂದೇ ಕುಲದ ಗಿಡಗಳು. ಮಾಂಗಿಸ್ ಸಿಪ್ಪೆಯಲ್ಲಿರುವ ಮ್ಯಾಂಗೊಸ್ಟಿನ್ ಎಂಬ ವಸ್ತು ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುವುದನ್ನು ತಗ್ಗಿಸುತ್ತದೆ ಎಂದು ಜಪಾನಿನಲ್ಲಿ ಕೋಶಗಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಆಸೆ ಹುಟ್ಟಿಸುವ ವಿಷಯ. ಆದರೆ ಸಿಪ್ಪೆ ಜಜ್ಜಿ ಕೈಗೆ ಕಟ್ಟಿಕೊಳ್ಳಿ ಎಂದು ಅದರ ಅರ್ಥವಲ್ಲ.

ಇವುಗಳಲ್ಲಿ ನಮಗೆ ಗಟ್ಟಿ ಎನಿಸಿದ್ದು ಬಡವರ ಕೊಬ್ಬರಿ ಎಣ್ಣೆ. ಫಿಲಿಪ್ಪೀನ್ಸಿನಲ್ಲಿ ಇಸುಬು ಇದ್ದ 117 ಮಕ್ಕಳ ಮೇಲೆ ನಡೆದ ಒಂದು ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬಿಸಿ ಮಾಡದೆ ತೆಗೆದ ಕೊಬ್ಬರಿ ಎಣ್ಣೆ, ಉಳಿದವರಿಗೆ ಮಿನರಲ್ ಆಯಿಲ್, ಎಂಟು ವಾರ. ಕೊಬ್ಬರಿ ಎಣ್ಣೆ ಹಚ್ಚಿದವರಲ್ಲಿ ರೋಗದ ಅಂಕ ಶೇ. 68ರಷ್ಟು ಇಳಿಯಿತು, ಇನ್ನೊಂದು ಗುಂಪಿನಲ್ಲಿ ಶೇ. 38. ಹಾಗೆಯೇ ನುಣ್ಣಗೆ ಪುಡಿಮಾಡಿದ ಓಟ್ಸನ್ನು ಚರ್ಮ ಕಾಯುವ ವಸ್ತು ಎಂದು ಅಮೆರಿಕದ ಔಷಧ ಇಲಾಖೆ 2003ರಲ್ಲಿ ಒಪ್ಪಿತು. ಎರಡರದ್ದೂ ಕೆಲಸ ಸರಳ. ಒಣಗಿ ಬಿರುಕು ಬಿಟ್ಟ ಚರ್ಮವನ್ನು ಮುಚ್ಚಿ ತೇವ ಉಳಿಸುವುದು. ಇಸುಬಿನಲ್ಲಿ ಅರ್ಧ ಜಗಳ ಅಲ್ಲಿಯೇ ಇರುವುದು.

ಗಿಡದಿಂದ ಟ್ಯೂಬಿನವರೆಗೆ

"ಗಿಡದ್ದು ಒಳ್ಳೆಯದು, ಕೆಮಿಕಲ್ ಕೆಟ್ಟದ್ದು" ಎಂಬ ಮಾತು ನಮ್ಮಲ್ಲಿ ಬಹಳ. ಓದುತ್ತಾ ಹೋದಂತೆ ಈ ಗೋಡೆಯೇ ಬಿದ್ದುಹೋಯಿತು.

ಈಜಿಪ್ಟಿನ ಕಡೆ ಖೆಲ್ಲಾ ಎಂಬ ಗಿಡವಿದೆ, ಅಲ್ಲಿನವರು ಹೊಟ್ಟೆ ಸೆಳೆತಕ್ಕೆ ಬಳಸುತ್ತಿದ್ದರು. ಅದರ ಖೆಲಿನ್ ಎಂಬ ವಸ್ತುವನ್ನು ಹಿಡಿದು ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ನೂರಾರು ರೂಪಾಂತರಗಳನ್ನು ತಯಾರಿಸಿದರು. ರೋಜರ್ ಆಲ್ಟೂನ್ಯನ್ ಎಂಬ ವೈದ್ಯರಿಗೆ ಸ್ವತಃ ಆಸ್ತಮಾ ಇತ್ತು. ತಮಗೆ ಆಗದ ವಸ್ತುವನ್ನು ಬೇಕೆಂದೇ ಉಸಿರಾಡಿ, ಆ ಮದ್ದುಗಳನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಹಾಗೆ ಬಂದದ್ದೇ ಕ್ರೊಮೊಗ್ಲೈಕೇಟ್. ಮಾಸ್ಟ್ ಕೋಶ ಒಡೆಯದಂತೆ ತಡೆಯುವ ಈ ಮದ್ದು ಇಂದಿಗೂ ಅಲರ್ಜಿಯ ಕಣ್ಣಿನ ಹನಿಗಳಲ್ಲಿದೆ.

ಇನ್ನೂ ವಿಚಿತ್ರ ಎಂದರೆ ಸ್ಟೀರಾಯ್ಡಿನದೇ ಕಥೆ. ಮೊದಮೊದಲು ಕಾರ್ಟಿಸೋನನ್ನು ದನದ ಪಿತ್ತರಸದಿಂದ ಹತ್ತಾರು ಹಂತಗಳಲ್ಲಿ ಮಾಡುತ್ತಿದ್ದರು, ಬೆಲೆ ಕೈಗೆಟುಕುತ್ತಿರಲಿಲ್ಲ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನ ಡಯೋಸ್ಜೆನಿನ್ನಿಂದ ಹಾರ್ಮೋನು ಮಾಡುವ ದಾರಿ ಕಂಡುಕೊಂಡರು. ಕೆಲವೇ ವರ್ಷದಲ್ಲಿ ಅದನ್ನು ಒಂದು ಬೂಷ್ಟಿನ ನೆರವಿನಿಂದ ಕಾರ್ಟಿಸೋನಿನತ್ತ ತಿರುಗಿಸುವುದೂ ಸಾಧ್ಯವಾಯಿತು, ಬೆಲೆ ಕುಸಿಯಿತು. 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಇಸುಬಿಗೆ ಫಲ ಕೊಡುತ್ತದೆ ಎಂದು ತಿಳಿದುಬಂತು. ನಾವು "ಕೆಮಿಕಲ್" ಎಂದು ಹೆದರುವ ಟ್ಯೂಬಿನ ಹಿಂದೆ ಒಂದು ಕಾಡುಗೆಣಸು ಇದೆ!

ಗಿಡಕ್ಕೂ ಟ್ಯೂಬಿಗೂ ನಡುವೆ ಇರುವುದು ಅಳತೆ. ಎಷ್ಟು, ಎಷ್ಟು ದಿನ, ಯಾರಿಗೆ, ಏನು ತೊಂದರೆ, ಇವನ್ನೆಲ್ಲ ಅಳೆದು ಬರೆದಿಟ್ಟಾಗ ಅದು ಔಷಧ ಆಗುತ್ತೆ. ಒಂದು ಸಲ ಅಳೆದರೂ ಸಾಲದು. 1992ರಲ್ಲಿ ಲಂಡನ್ನಿನ ವೈದ್ಯರು ಹತ್ತು ಮೂಲಿಕೆಗಳ ಚೀನೀ ಕಷಾಯವನ್ನು ತೀವ್ರ ಇಸುಬಿನವರ ಮೇಲೆ ಪರೀಕ್ಷಿಸಿ ಒಳ್ಳೆಯ ಫಲ ಕಂಡರು. 1999ರಲ್ಲಿ ಹಾಂಗ್‌ಕಾಂಗಿನಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಕಾಣಲಿಲ್ಲ. ಲೆಕ್ಕ ಎರಡನೆಯವರು ತಾಳೆ ನೋಡಿದಾಗಲೂ ಹೊಂದಬೇಕು. ನಮ್ಮ ಕಸುಬಿನಲ್ಲಿ ಅದಕ್ಕೆ ಆಡಿಟ್ ಅಂತೀವಿ.

ಗಿಡವೇ ಶತ್ರುವಾದಾಗ

ತುರಿಕೆ ಕಳೆಯುವ ಗಿಡಗಳಿರುವಂತೆ ತುರಿಕೆ ತರುವ ಗಿಡಗಳೂ ಇವೆ. ಊರಿನ ಹೊಲದ ಬದುವಿನ ಕಾಂಗ್ರೆಸ್ ಗಿಡ ಯಾರಿಗೆ ಗೊತ್ತಿಲ್ಲ? 1950ರ ದಶಕದಲ್ಲಿ ಪುಣೆಯ ಕಡೆ ಕಣ್ಣಿಗೆ ಬಿದ್ದು ಆಮೇಲೆ ಕರ್ನಾಟಕವನ್ನೆಲ್ಲ ತುಂಬಿತು. ಅದರ ಪಾರ್ಥೆನಿನ್ ಎಂಬ ವಸ್ತು ಗಾಳಿಯ ಧೂಳಿನಲ್ಲಿ ಬಂದು ಮುಖ, ಕುತ್ತಿಗೆ, ಕಣ್ಣ ರೆಪ್ಪೆಗೆ ಇಸುಬು ತರಿಸುತ್ತದೆ. ಅದನ್ನು ತಿನ್ನಲೆಂದೇ ಮೆಕ್ಸಿಕೋದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಈ ಗಿಡ 2013ರಲ್ಲಿ ನಮ್ಮ ಸೆಲಂಗೋರ್ ರಾಜ್ಯದಲ್ಲೇ ಪತ್ತೆಯಾಯಿತು. ಹುಲ್ಲು ಕತ್ತರಿಸುವ ಕೆಲಸದವರು ಬರಿಗೈಯಲ್ಲಿ ಕೀಳಬೇಡಿ.

ಮರ ಕಡಿಯುವ, ಮರಗೆಲಸದ ಕಡೆ ಇರುವವರಿಗೆ ಇನ್ನೊಂದು ಮಾತು. ಮಲೆನಾಡಿನವರು ಹೊಳೆಗೇರು ಮರದ ಹತ್ತಿರ ಸುಳಿಯುವುದಿಲ್ಲ, ಅದರ ಸೊನೆ ತಾಗಿದರೆ ಬೊಕ್ಕೆ ಏಳುತ್ತದೆ. ಅದೇ ಗೇರಿನ ಮನೆತನದ ರೆಂಗಾಸ್ ಮರ ಇಲ್ಲಿದೆ, ಅದರ ಸೊನೆಯೂ ಹಾಗೆಯೇ ಸುಡುತ್ತದೆ.

ಮತ್ತೆ ನಮ್ಮ ಹಾವೇರಿ ಹುಡುಗನಿಗೆ ಬರೋಣ. ಅವನ ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಮಾಡಿಸಿದೆವು. ಅವನಿಗೆ ಆಗದೆ ಇದ್ದದ್ದು ಕೈ ಕಾಯಲೆಂದು ಹಾಕಿಕೊಳ್ಳುತ್ತಿದ್ದ ರಬ್ಬರ್ ಗ್ಲೌಸು! ರಬ್ಬರನ್ನು ಗಟ್ಟಿ ಮಾಡಲು ಸೇರಿಸುವ ಥೈಯುರಾಮ್ ಎಂಬ ವಸ್ತು ಕಾರಣ. ಕೆಲವರಿಗೆ ರಬ್ಬರ್ ಹಾಲಿನ ಪ್ರೋಟೀನೇ ಆಗುವುದಿಲ್ಲ. ಅಂಥವರಿಗೆ ಗ್ಲೌಸ್ ಹಾಕಿದ ಕೆಲ ನಿಮಿಷಕ್ಕೇ ಗಂಧೆ ಏಳುತ್ತದೆ, ಉಸಿರೂ ಕಟ್ಟಬಹುದು. ಹುಡುಗ ಮುಲಾಮು ಹಚ್ಚಿ ಹಚ್ಚಿ ಮತ್ತೆ ಅದೇ ಗ್ಲೌಸ್ ಹಾಕಿಕೊಳ್ಳುತ್ತಿದ್ದ. ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ಡಬ್ಬಿಯನ್ನು ಓದುವುದು ಹೇಗೆ

ಗಿಡಮೂಲಿಕೆ ಎಂದು ಹೇಳಿ ಸ್ಟೀರಾಯ್ಡ್ ಬೆರೆಸುವುದು ಇಲ್ಲಿಯ ಹೊಸ ವಂಚನೆಯಲ್ಲ. 1999ರಲ್ಲಿ ಲಂಡನ್ನಿನ ವೈದ್ಯರು ಇಸುಬಿಗೆಂದು ಕೊಟ್ಟಿದ್ದ 11 ಚೀನೀ ಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದರು. 8ರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. "ಮೂರೇ ದಿನದಲ್ಲಿ ಮಾಯ" ಎಂದರೆ ಖುಷಿಪಡುವ ಮೊದಲು ಅನುಮಾನಪಡಬೇಕು. ಎಲೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ.

ಇದನ್ನು ಕಾಯುವ ಕಚೇರಿ ನಮ್ಮ ಪೆಟಾಲಿಂಗ್ ಜಯಾದಲ್ಲೇ ಇದೆ ಎಂಬುದು ನಮಗೂ ಇತ್ತೀಚೆಗೆ ತಿಳಿಯಿತು. ಮಲೇಷ್ಯಾದ ರಾಷ್ಟ್ರೀಯ ಔಷಧ ನಿಯಂತ್ರಣ ಸಂಸ್ಥೆ, ಎನ್‌ಪಿಆರ್‌ಎ, ಹಿಂದೆ ಯೂನಿವರ್ಸಿಟಿ ರಸ್ತೆ ಎನ್ನುತ್ತಿದ್ದ ರಸ್ತೆಯಲ್ಲಿದೆ. ದೇಶದಲ್ಲಿ ಮಾರುವ ಔಷಧಗಳನ್ನು, ಸಾಂಪ್ರದಾಯಿಕ ಔಷಧಗಳನ್ನೂ ಸೇರಿಸಿ, 1984ರ ನಿಯಮಗಳ ಪ್ರಕಾರ ನೋಂದಾಯಿಸಲೇಬೇಕು. ನೋಂದಣಿಯಾದದ್ದರ ಮೇಲೆ "ಎಂಎಎಲ್" ಎಂಬ ಮೂರು ಅಕ್ಷರ, ಎಂಟು ಅಂಕಿ, ಆಮೇಲೆ ಒಂದು ಅಕ್ಷರ ಇರುತ್ತದೆ. ಆ ಅಕ್ಷರ "ಟಿ" ಆಗಿದ್ದರೆ ಸಾಂಪ್ರದಾಯಿಕ ಔಷಧ. ಹೊಲೊಗ್ರಾಂ ಸ್ಟಿಕ್ಕರೂ ಇರಬೇಕು. ಸಂಖ್ಯೆಯನ್ನು ಎನ್‌ಪಿಆರ್‌ಎಯ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬಹುದು, ದುಡ್ಡು ಬೇಡ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪಾದರಸ ಬೆರೆಸಿ ಸಿಕ್ಕಿಬಿದ್ದ ಸರಕುಗಳ ಹೆಸರನ್ನೂ ಅವರು ಆಗಾಗ ಪ್ರಕಟಿಸುತ್ತಾರೆ.

ಒಂದು ಎಚ್ಚರಿಕೆ. "ಟಿ" ಅಕ್ಷರ ಇದೆ ಎಂದರೆ ಒಳಗೆ ಕಳ್ಳ ಸರಕು ಇರಬಾರದು, ಗುಣಮಟ್ಟ ನೋಡಿದ್ದಾರೆ ಎಂದು ಅರ್ಥ. ಆಸ್ಪತ್ರೆಯಲ್ಲಿ ಪರೀಕ್ಷಿಸಿ ಇಸುಬು ವಾಸಿಯಾಗುತ್ತದೆ ಎಂದು ಸಾಬೀತಾಗಿದೆ ಎಂಬ ಅರ್ಥ ಅದಕ್ಕಿಲ್ಲ.

ನಾವು ಏನು ಮಾಡಬಹುದು

ಡಾಕ್ಟರು ಹೇಳಿದ್ದರಲ್ಲಿ ಎಲ್ಲರಿಗೂ ಬೇಕಾದದ್ದನ್ನು ಇಲ್ಲಿ ಕೊಡುತ್ತೇವೆ.

ಕೈ ತೊಳೆದ ಕೂಡಲೆ ಒರೆಸಿ, ವಾಸನೆ ಇಲ್ಲದ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ದಿನಕ್ಕೆ ನಾಲ್ಕೈದು ಸಲ ಆದರೂ ಸರಿ.

ಗ್ಲೌಸ್ ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿಕೊಳ್ಳಿ. ರಬ್ಬರ್ ಆಗದಿದ್ದರೆ ವಿನೈಲ್ ಗ್ಲೌಸ್ ಕೇಳಿ.

ಎಲೆ ರಸವಾಗಲಿ, ಕ್ರೀಮಾಗಲಿ, ಹೊಸದನ್ನು ಹಚ್ಚುವ ಮೊದಲು ಮೊಣಕೈ ಒಳಭಾಗದಲ್ಲಿ ಕಾಸಗಲ ಹಚ್ಚಿ ಎರಡು ದಿನ ನೋಡಿ. ಒಡೆದ ಚರ್ಮಕ್ಕೆ ಹಸಿ ಎಲೆ, ಸುಣ್ಣ, ಬೆಳ್ಳುಳ್ಳಿ ಬೇಡವೇ ಬೇಡ.

ಡಾಕ್ಟರು ಕೊಟ್ಟ ಸ್ಟೀರಾಯ್ಡಿಗೆ ಹೆದರಬೇಡಿ. ಅವರು ಹೇಳಿದಷ್ಟೇ ದಿನ, ಹೇಳಿದಷ್ಟೇ ಹಚ್ಚಿ. ಹೆಸರಿಲ್ಲದ ಡಬ್ಬಿಯ ಸ್ಟೀರಾಯ್ಡಿಗೆ ಹೆದರಿ. ಬಹಳ ದಿನ ಹಚ್ಚಿದ್ದರೆ ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಏನೂ ಮುಚ್ಚಿಡಬೇಡಿ.

ಜ್ವರ, ಕೀವು ಬಂದರೆ ಅದೇ ದಿನ ತೋರಿಸಿ. ಮುಖ, ತುಟಿ ಊದಿ ಉಸಿರು ಕಟ್ಟಿದರೆ 999ಕ್ಕೆ ಫೋನ್ ಮಾಡಿ.

ಕೊನೆಯದು ನಮ್ಮ ಕಸುಬಿಗೆ ಸೇರಿದ್ದು. 2019ರ ಜನವರಿ 1ರಿಂದ ಕಾಗದಪತ್ರ ಸರಿಯಿರುವ ವಿದೇಶಿ ಕೆಲಸಗಾರರೂ ಪರ್ಕೆಸೊದ ಉದ್ಯೋಗ ಗಾಯ ಯೋಜನೆಗೆ ಸೇರಿದ್ದಾರೆ. ಕೆಲಸದಿಂದ ಬರುವ ಚರ್ಮರೋಗವೂ ಅದರ ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ, ರಶೀದಿ, ರಜೆ ಹಾಕಿದ ದಿನ ಎಲ್ಲ ಜೋಪಾನವಾಗಿಟ್ಟುಕೊಳ್ಳಿ. ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರೋದಿಲ್ಲ, ಬರೆದು ಕೊಡಿ. ಅರ್ಜಿ ತುಂಬಲು ತಿಳಿಯದಿದ್ದರೆ ಭಾನುವಾರ ನಮ್ಮ ಹತ್ತಿರ ಬನ್ನಿ, ಅಷ್ಟು ನಮ್ಮಿಂದ ಆಗುತ್ತದೆ.

ಹುಡುಗ ಈಗ ವಿನೈಲ್ ಗ್ಲೌಸ್ ಹಾಕಿಕೊಂಡು ಅದೇ ಹೋಟೆಲಿನಲ್ಲಿದ್ದಾನೆ. ಚರ್ಮ ಪೂರ್ತಿ ಸರಿಯಾಗಲು ತಿಂಗಳುಗಳೇ ಹಿಡಿದವು. ಮೊನ್ನೆ ಓಲ್ಡ್ ಟೌನಿನಿಂದ ಒಂದು ಕಟ್ಟು ಪೆಗಾಗ ತಂದ. "ಹಚ್ಚಾಕಲ್ರೀ ಅಣ್ಣಾರ, ತಂಬುಳಿ ಮಾಡಾಕ" ಅಂದ. ಮೊಸರು ಹಾಕಿ, ಜೀರಿಗೆ ಒಗ್ಗರಣೆ ಕೊಟ್ಟು ಎಲ್ಲರೂ ಕೂತು ಊಟ ಮಾಡಿದೆವು.